ನವೀಕರಣದ ಪತ್ರ ಕೈಸೇರದಿದ್ದಾಗ

ಕಡಿಮೆ ಆದಾಯದವರಿಗೆ ಅಮೆರಿಕದ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇಡ್ ನಿಂತುಹೋಗಿದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಾಗುವುದು ಔಷಧಿ ಅಂಗಡಿಯ ಕೌಂಟರಿನಲ್ಲಿ. 2023ರ ಬೇಸಿಗೆಯಲ್ಲಿ, ಅಮೆರಿಕದ ನಮ್ಮ ಊರಿನ ಗ್ರಂಥಾಲಯದಲ್ಲಿ ಅರ್ಜಿ ತುಂಬಲು ನೆರವಾಗುತ್ತಿದ್ದ ನಮ್ಮ ಬಳಿ ಬಂದ ಹಾಸನ ಕಡೆಯ ದಂಪತಿಗೂ ಹಾಗೇ ಆಗಿತ್ತು. ಇಲ್ಲೇ ಹುಟ್ಟಿದ ಮಗುವಿನ ಆಸ್ತಮಾಕ್ಕೆ ಇನ್ಹೇಲರ್ ಕೇಳಿದರೆ, ಕಾರ್ಡ್ ನಡೆಯುತ್ತಿಲ್ಲವೆಂದು ಪೂರ್ತಿ ಹಣ ಕಟ್ಟಿಸಿಕೊಂಡಿದ್ದರು. "ಒಂದು ಕಾಗದವೂ ಬಂದಿಲ್ಲ ಮೇಡಂ. ಹೊಸ ಅರ್ಜಿನೇ ಹಾಕಿಬಿಡೋಣ್ವಾ?" ಎಂದರು ತಂದೆ.

ಬೇಡ ಎಂದೆವು. ಮಕ್ಕಳು, ಅವರ ತಂದೆತಾಯಿ, ಗರ್ಭಿಣಿಯರು ಮುಂತಾಗಿ ಆದಾಯದ ಲೆಕ್ಕದ ಮೇಲೆ ಸೌಲಭ್ಯ ಪಡೆಯುವವರಿಗೆ ಕೇಂದ್ರದ ನಿಯಮವೇ ಒಂದು ಬಾಗಿಲು ತೆರೆದಿಟ್ಟಿದೆ. ತುಂಬಿದ ನವೀಕರಣದ ಫಾರಂ ತಮಗೆ ಬರಲಿಲ್ಲವೆಂದು ಕಚೇರಿಯವರು ಸೌಲಭ್ಯ ನಿಲ್ಲಿಸಿದ್ದರೆ, ನಿಂತ ದಿನದಿಂದ 90 ದಿನದೊಳಗೆ ಅದೇ ನವೀಕರಣದ ಫಾರಂ, ಕೇಳಿದ ದಾಖಲೆ ಕೊಟ್ಟರೆ ಸಾಕು. ಹೊಸ ಅರ್ಜಿ ಕೇಳದೆಯೇ ಕಚೇರಿ ಅರ್ಹತೆಯನ್ನು ಮತ್ತೆ ನೋಡಬೇಕು. ಫೋನಿನಲ್ಲಿ "ರೀಕನ್ಸಿಡರೇಶನ್" (ಮರುಪರಿಶೀಲನೆ) ಎಂಬ ಪದವನ್ನೇ ಬಳಸಿ. "ರೀಅಪ್ಲೈ" ಅಂದರೆ ಎಷ್ಟೋ ಸಲ ಮೊದಲಿನಿಂದ ಶುರು ಮಾಡಿಸುತ್ತಾರೆ. 65 ದಾಟಿದವರಿಗೆ, ಅಂಗವಿಕಲರಿಗೆ ಈ 90 ದಿನ ಎಲ್ಲ ರಾಜ್ಯಗಳಲ್ಲೂ ಇರಲಿಲ್ಲ. ಹಾಗಾಗಿ ಊರಿಂದ ಬಂದು ಮಕ್ಕಳ ಜೊತೆ ಇರುವ ಅಪ್ಪ ಅಮ್ಮನ ವಿಷಯದಲ್ಲಿ ಮೊದಲು ಕೇಳಿ ತಿಳಿದುಕೊಳ್ಳುವುದೇ ಸರಿ.

ಆ ವರ್ಷ ಇಂಥವರ ಸಾಲೇ ಇತ್ತು. ಕೋವಿಡ್ ಕಾಲದಲ್ಲಿ ಬಹುತೇಕ ಯಾರನ್ನೂ ಪಟ್ಟಿಯಿಂದ ತೆಗೆಯುವಂತಿರಲಿಲ್ಲ. ಆ ರಕ್ಷಣೆ 2023ರ ಮಾರ್ಚ್ 31ಕ್ಕೆ ಮುಗಿದು, ನವೀಕರಣ ಮಾಡದವರನ್ನು ಮತ್ತೆ ತೆಗೆಯತೊಡಗಿದರು. ಅಷ್ಟರಲ್ಲಿ ಜನ ಮನೆ ಬದಲಿಸಿದ್ದರು, ಕಡತದಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ಮುಂದೆ ಹೊರಬಿದ್ದ ಎರಡೂವರೆ ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿಯನ್ನು ತೆಗೆದದ್ದು ಅನರ್ಹರೆಂದು ತೀರ್ಮಾನಿಸಿ ಅಲ್ಲ, ಕಾಗದಪತ್ರ ಪೂರ್ತಿಯಾಗಲಿಲ್ಲವೆಂದು. ಅರ್ಹತೆಯಿದ್ದ ಮಗುವಿಗೆ ಒಂದು ಲಕೋಟೆಯ ಕಾರಣಕ್ಕೆ ಔಷಧಿ ತಪ್ಪುವುದು ಅನ್ಯಾಯ.

ಅಂಚೆ ಕಚೇರಿಯಲ್ಲಿ ವಿಳಾಸ ಬದಲಿಸಿದ್ದೇವಲ್ಲ ಎಂದು ದಂಪತಿ ಕೇಳಿದರು. ಅದೊಂದೇ ಸಾಲದು. ಲಕೋಟೆಯ ಮೇಲೆ "ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್" ಎಂದು ಅಚ್ಚಾಗಿದ್ದರೆ ಅಂಚೆಯವರು ಅದನ್ನು ಹೊಸ ಮನೆಗೆ ತಲುಪಿಸುವುದಿಲ್ಲ, ಕಳಿಸಿದವರಿಗೇ ಹಿಂತಿರುಗಿಸುತ್ತಾರೆ. ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟುಹೋಗಿದ್ದರೂ ಪತ್ರ ದಾರಿ ತಪ್ಪುತ್ತದೆ. ನಮ್ಮವರಿಗೆ ಇನ್ನೊಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ ಮುಂದೆ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಸೇರಿಕೊಳ್ಳುತ್ತದೆ. ಪತ್ರವೂ ಆ ಹೆಸರಿಗೇ ಬಂದರೆ ಬೇರೆ ಯಾರದೋ ಎಂದು ಪಕ್ಕಕ್ಕೆ ಬೀಳುತ್ತದೆ. ಅಂಚೆ ಪೆಟ್ಟಿಗೆಯ ಮೇಲೆ ಮನೆಯವರೆಲ್ಲರ ಹೆಸರನ್ನೂ ದಾಖಲೆಯಲ್ಲಿ ಇರುವಂತೆಯೇ ಬರೆದು ಅಂಟಿಸಿ.

ಅಂದು ಮೊದಲು ಮಾಡಿದ್ದು ವಿಳಾಸ ತಿದ್ದಿಸುವ ಕೆಲಸ. ಅದನ್ನು ಬಿಟ್ಟು ಫಾರಂ ಕಳಿಸಿದರೆ ಮುಂದಿನ ಪ್ರಶ್ನೆಯೂ ಹಳೆಯ ಮನೆಗೇ ಹೋಗುತ್ತದೆ, ಅದಕ್ಕೆ ಉತ್ತರ ಬರಲಿಲ್ಲವೆಂದು ಮತ್ತೆ ನಿಲ್ಲಿಸುತ್ತಾರೆ. ಆಮೇಲೆ ಫೋನಿನಲ್ಲಿ ಸೌಲಭ್ಯ ನಿಂತ ತಾರೀಖು, ಕಾರಣ ಕೇಳಿ ಬರೆದುಕೊಂಡು, ಕ್ಯಾಲೆಂಡರಿನಲ್ಲಿ 90ನೇ ದಿನವನ್ನು ಗುರುತಿಸಿದೆವು. ರಾಜ್ಯದ ಆನ್‌ಲೈನ್ ಖಾತೆಯಲ್ಲಿ ಫಾರಂ ಸಿಕ್ಕಿತು. ತಂದೆಯ ಇತ್ತೀಚಿನ 4 ವಾರದ ಸಂಬಳದ ಚೀಟಿಗಳನ್ನು ಹೆಸರು, ತಾರೀಖು, ಒಟ್ಟು ಮೊತ್ತ ಮೂರೂ ಕಾಣುವಂತೆ ಸ್ಕ್ಯಾನ್ ಮಾಡಿ ಸೇರಿಸಿದೆವು. ಸಹಿ ಬಿಟ್ಟುಹೋದ ಫಾರಂ ಕೊಡದ ಫಾರಂಗೆ ಸಮ, ಹಾಗಾಗಿ ಸಹಿಯ ಪುಟವನ್ನು ಇಬ್ಬರು ನೋಡಿದೆವು. ಸಲ್ಲಿಸಿದ ದೃಢೀಕರಣ ಸಂಖ್ಯೆಯ ಪುಟವನ್ನು ಮುದ್ರಿಸಿ ಅವರ ಕೈಗೆ ಕೊಟ್ಟೆವು. ಅಂಚೆಯಲ್ಲೇ ಕಳಿಸುವುದಾದರೆ, ಕಳಿಸಿದ್ದಕ್ಕೆ ರಸೀದಿ ಸಿಗುವ ಸರ್ಟಿಫೈಡ್ ಮೇಲ್ ಆಗಲಿ.

ಅದೇ ಮನೆಗೆ ಆಹಾರ ನೆರವಿನ ಸ್ನ್ಯಾಪ್ ಕೂಡ ನಿಂತಿದ್ದರೆ ಅದರ ಗಡುವು ಬೇರೆ. ಅಲ್ಲಿ ಅವಧಿ ಮುಗಿದ ಮೇಲೆ ಸಿಗುವುದು 30 ದಿನ ಮಾತ್ರ, ತಡವಾದ ದಿನಗಳ ಮೊತ್ತವನ್ನೂ ಕಳೆಯುತ್ತಾರೆ.

ತಾಯಿ ಇನ್ಹೇಲರಿನ ರಸೀದಿ ಎಸೆಯದೆ ಇಟ್ಟುಕೊಂಡಿದ್ದರು. ಅದು ಬೇಕಿತ್ತು. ಫಾರಂ ಕೊಟ್ಟ ತಿಂಗಳಿಗೆ ಹಿಂದಿನ 3 ತಿಂಗಳವರೆಗಿನ ಖರ್ಚಿಗೂ, ಆಗ ಅರ್ಹತೆಯಿದ್ದಲ್ಲಿ, ಬಹುತೇಕ ರಾಜ್ಯಗಳಲ್ಲಿ ಮೆಡಿಕೇಡ್ ಕೇಳಬಹುದಿತ್ತು. 2025ರ ಕಾನೂನಿನಿಂದ ಈ ಅವಧಿ 2027ರ ಜನವರಿಯಿಂದ ಮೊಟಕಾಗಲಿದೆ, ಆಮೇಲೆ ತಡಮಾಡುವುದು ಇನ್ನೂ ದುಬಾರಿ. ಆದರೆ ಕೇಳದೆ ಇದು ಸಿಗುವುದಿಲ್ಲ: ಫಾರಂನಲ್ಲಿ ಹಿಂದಿನ ತಿಂಗಳ ಬಿಲ್ಲುಗಳಿವೆಯೇ ಎಂಬ ಪ್ರಶ್ನೆಗೆ "ಹೌದು" ಎಂದು ಗುರುತು ಹಾಕಬೇಕು, ಕಾರ್ಡ್ ಮತ್ತೆ ಚಾಲೂ ಆದ ಕೂಡಲೇ ರಸೀದಿ ಹಿಡಿದು ಔಷಧಿ ಅಂಗಡಿಗೆ ಹೋಗಿ ಆ ಬಿಲ್ಲನ್ನು ಮೆಡಿಕೇಡ್‌ಗೆ ಮತ್ತೆ ಹಾಕಿ ಹಣ ಹಿಂತಿರುಗಿಸಲು ಕೇಳಬೇಕು.