ಹಿತ್ತಲಿನ ಡ್ರಮ್ಮಿನ ಘಾಟು

ಮನೆ ದಾವಣಗೆರೆಯಲ್ಲಿ, ಹೊಲ ಜಗಳೂರಿನ ಕಡೆ. ಹೋದ ಮಳೆಗಾಲ ಅಡುಗೆಮನೆ ಕಸವನ್ನೆಲ್ಲ ಹಿತ್ತಲಿನ ಡ್ರಮ್ಮಿಗೆ ಹಾಕತೊಡಗಿದೆ. ಉಳಿದ ಅನ್ನ, ಬೇಳೆ, ಸೊಪ್ಪಿನ ದಂಟು. ಹದಿನೈದು ದಿನಕ್ಕೆ ಮುಚ್ಚಳ ತೆಗೆದರೆ ಕಣ್ಣು ಉರಿಯುವಷ್ಟು ಘಾಟು. "ಒದ್ದೆಯಾದ ಯೂರಿಯಾ ಚೀಲದ ವಾಸನೆ ಇದು," ಅಂದರು ಅಪ್ಪ.

ಅವರು ಹೇಳಿದ್ದು ಸರಿ. ಅದು ಅಮೋನಿಯಾ. ಬೇಳೆಯ ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದು, ಮನೆಯ ಬಿಸಿಯಲ್ಲೇ ಸುಮ್ನೆ ಅಮೋನಿಯಾ ಮಾಡಿಬಿಡುತ್ತವೆ.

ಕಾರ್ಖಾನೆಯಲ್ಲಿ ಇಷ್ಟು ಸುಲಭವಲ್ಲ. ಜರ್ಮನಿಯ ಹೇಬರ್ ಮತ್ತು ಬಾಶ್ ರೂಪಿಸಿದ, 1913ರಲ್ಲಿ ಕಾರ್ಖಾನೆಗೆ ಬಂದ ವಿಧಾನವೇ ಇಂದಿಗೂ ಮುಖ್ಯ. ಸುಮಾರು 400ರಿಂದ 500 ಡಿಗ್ರಿ ಬಿಸಿ, ಗಾಳಿಯ ನೂರಾರು ಪಟ್ಟು ಒತ್ತಡ. ಗಾಳಿಯ ಸಾರಜನಕದ ಜೊತೆ ಸೇರಿ ಅಮೋನಿಯಾ ಆಗಲು ಬೇಕಾದ ಹೈಡ್ರೋಜನ್ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತದೆ, ಜೊತೆಗೆ ರಾಶಿ ಕಾರ್ಬನ್ ಡೈಆಕ್ಸೈಡ್ ಕೂಡ. ಯೂರಿಯಾ ತಯಾರಾಗುವುದು ಈ ಅಮೋನಿಯಾದಿಂದಲೇ, ಹಾಗಾಗಿ ನಮ್ಮ ಮೆಕ್ಕೆಜೋಳಕ್ಕೆ ಹಾಕುವ 45 ಕೆಜಿ ಯೂರಿಯಾ ಚೀಲದ ಹಿಂದೆ ಇದೆಲ್ಲ ಇದೆ.

ಕಸದಿಂದ ಅಮೋನಿಯಾ ಪಡೆಯಲು ಎರಡು ದಾರಿ ಇವೆ. ಗೋಬರ್ ಗ್ಯಾಸಿನಂಥ ತೊಟ್ಟಿಯಲ್ಲಿ ಕೊಳೆಸಿ, ಬಂದ ಮೀಥೇನಿನಿಂದ ಕಾರ್ಖಾನೆಗೆ ಬೇಕಾದ ಹೈಡ್ರೋಜನ್ ತೆಗೆಯಬಹುದು. ಇಲ್ಲವೇ ಉಳಿದ ಬಗ್ಗಡಕ್ಕೆ ಸುಣ್ಣ ಬೆರೆಸಿ ಗಾಳಿ ಹಾಯಿಸಿದರೆ ಅಮೋನಿಯಾ ಹೊರಬರುತ್ತದೆ. ಅದನ್ನು ಗಂಧಕಾಮ್ಲದಲ್ಲಿ ಹಿಡಿದರೆ ಅಮೋನಿಯಂ ಸಲ್ಫೇಟ್, ನೇರ ಗೊಬ್ಬರ! ನನಗೆ ಇದೇ ಜಾಸ್ತಿ ಇಷ್ಟ. ಊರಿನ ಹಸಿಕಸವೆಲ್ಲ ಹೀಗೆ ಹೊಲಕ್ಕೆ ಬಂದರೆ ಎಷ್ಟು ಚೆಂದ ಅಲ್ವಾ?

ಮನೆಯಲ್ಲಿ ಆಮ್ಲದ ಸಹವಾಸ ಬೇಡ. ನಾನು ಒಣ ಜೋಳದ ದಂಟು ಕತ್ತರಿಸಿ ಡ್ರಮ್ಮಿಗೆ ಬೆರೆಸಿದೆ. ನಾಲ್ಕು ದಿನಕ್ಕೆ ಘಾಟು ಇಳಿಯಿತು. ಗಾಳಿಗೆ ಹೋಗುತ್ತಿದ್ದ ಸಾರಜನಕ ಈಗ ಗೊಬ್ಬರದಲ್ಲೇ ಉಳಿಯುತ್ತಿದೆ.