ಹೆಂಚು ಇಳಿಸುವ ದೃಶ್ಯ

ನಮ್ಮಜ್ಜಿಯ ತವರೂರು ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಶರಾವತಿಗೆ ಆ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಅದಕ್ಕೂ ಹಿಂದೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ಅದು ಕಾಣುತ್ತದೆ. ಅಣೆಕಟ್ಟೇ ಮುಳುಗಿದ ಮೇಲೆ ಮನೆಗಳ ಮಾತೇನು? ಅಜ್ಜಿ ಆ ದಿನಗಳನ್ನು ಅಳುತ್ತ ಹೇಳಿದವರಲ್ಲ. ಯಾವ ತೊಲೆ ಯಾರ ಗಾಡಿಯಲ್ಲಿ ಹೋಯಿತು, ಬಾಗಿಲುವಾಡ ಕಿತ್ತಾಗ ಗೋಡೆ ಎಲ್ಲಿಯವರೆಗೆ ಬಿರಿಯಿತು, ದೇವರ ಪೆಟ್ಟಿಗೆ ಹೊತ್ತವರು ಯಾರು, ಎಲ್ಲವೂ ಅವರ ಬಾಯಲ್ಲಿ ಲೆಕ್ಕವಾಗಿತ್ತು. ಅವರು ತೀರಿಕೊಂಡ ಮೇಲೆ ಇದನ್ನು ರಂಗದ ಮೇಲೆ ತರಲೇಬೇಕೆಂಬ ಆಸೆ ನನ್ನನ್ನು ಬಿಡಲೇ ಇಲ್ಲ.

ಬೆಂಗಳೂರಿನಲ್ಲಿ ನಾವು ಹವ್ಯಾಸಿಗಳು. ಬ್ಯಾಂಕು, ಕಾಲೇಜು, ಸಾಫ್ಟ್‌ವೇರ್ ಕಂಪನಿ ಮುಗಿಸಿಕೊಂಡು ಸಂಜೆ ಒಂದು ಶಾಲೆಯ ಕೋಣೆಯಲ್ಲಿ ಸೇರಿ, ಬೆಂಚುಗಳನ್ನು ಗೋಡೆಗೆ ಸರಿಸಿ ತಾಲೀಮು ಮಾಡುವವರು. ನಾನು ಬರೆದುಕೊಂಡು ಹೋದ ನಾಟಕದ ಮೊದಲ ಓದು ಅಲ್ಲೇ ನಡೆಯಿತು. ಮನೆ ಬಿಚ್ಚುವ ದಿನ ಅಜ್ಜಿ ಒಬ್ಬಳೇ ನಿಂತು ಆಡುವ ಎರಡು ಪುಟದ ಮಾತು ಅದರಲ್ಲಿತ್ತು. ಓದಿ ಮುಗಿಸಿದಾಗ ಎಲ್ಲರ ಕಣ್ಣೂ ಒದ್ದೆ. ನಿರ್ದೇಶಕಿ ಮಾತ್ರ ಆ ಎರಡು ಹಾಳೆಯನ್ನು ಬೇರೆ ಇಟ್ಟುಕೊಂಡರು. "ಚೆನ್ನಾಗಿದೆ. ಆದರೆ ಇದನ್ನೆಲ್ಲ ಯಾಕೆ ಹೇಳಿಸಬೇಕು? ಮಾಡಿಸೋಣ. ಒಂದಷ್ಟು ಹೆಂಚು ತರಿಸಿ," ಅಂದರು.

ಹಳೇ ಮನೆ ಒಡೆದ ಸಾಮಾನು ಮಾರುವವರ ಹತ್ತಿರ ಮಂಗಳೂರು ಹೆಂಚು ಸಿಕ್ಕವು. ಒಂದೊಂದೂ ಎರಡು ಕಿಲೋಗೆ ಮಿಕ್ಕಿದ ತೂಕ, ಹಿಂಬದಿಯಲ್ಲಿ ಪಾಚಿ ಒಣಗಿ ಕಪ್ಪಾದ ಗೆರೆಗಳು. ಥರ್ಮೋಕೋಲಿನಲ್ಲಿ ಮಾಡಿಸಿದರೆ ಹಗುರ, ಸಾಗಿಸಲೂ ಸುಲಭ ಎಂದು ಯಾರೋ ಹೇಳಿದರು. ನಿರ್ದೇಶಕಿ ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ. ನಿಜವಾದ ಹೆಂಚು ಹಿಡಿದವರ ಮುಂಗೈ ತಾನಾಗಿಯೇ ಬಿಗಿಯುತ್ತದೆ, ಉಸಿರು ಬದಲಾಗುತ್ತದೆ. ಕೆಳಗಿಡುವಾಗ ಬೆನ್ನು ಬಾಗುವ ರೀತಿಯನ್ನು ಯಾರೂ ಕಲಿಸಬೇಕಾಗಿಲ್ಲ. ರಂಗದ ಒಂದು ಮೂಲೆಯ ಏಣಿಯಿಂದ ಇನ್ನೊಂದು ಮೂಲೆಯವರೆಗೆ ನಟರು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಬೇಕು. ದೃಶ್ಯವೆಂದರೆ ಅಷ್ಟೇ. ನನ್ನ ಎರಡು ಪುಟದಲ್ಲಿ ಇಲ್ಲದ್ದು ಅಲ್ಲಿತ್ತು: ಅಳುವುದಕ್ಕೂ ಪುರುಸೊತ್ತಿಲ್ಲದ ಕೆಲಸ. ಅಜ್ಜಿಯ ದನಿ ನನಗೆ ಮತ್ತೆ ಕೇಳಿಸಿದ್ದು ಮಾತು ತೆಗೆದುಹಾಕಿದ ಮೇಲೆಯೇ.

ನೀರನ್ನು ಹೇಗೆ ತೋರಿಸುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ನೀಲಿ ಬಟ್ಟೆ ಬೀಸುವುದು ಯಾರಿಗೂ ಬೇಡವಾಗಿತ್ತು. ಬೆಳಕಿನ ಹೊಣೆ ಹೊತ್ತ ಹುಡುಗ ರಂಗದ ಅಕ್ಕಪಕ್ಕದ ಮರೆಯಲ್ಲಿರುವ ವಿಂಗುಗಳಲ್ಲಿ ಕಂಬ ನಿಲ್ಲಿಸಿ, ಪ್ರತಿ ಕಂಬಕ್ಕೂ ಕೆಳಗಿನಿಂದ ಮೇಲಕ್ಕೆ ನಾಲ್ಕು ಪ್ರೊಫೈಲ್ ದೀಪ, ಅಂದರೆ ಬೆಳಕಿನ ಅಂಚನ್ನು ಬೇಕಾದಂತೆ ಕತ್ತರಿಸಬಹುದಾದ ದೀಪ, ಕಟ್ಟಿದ. ಶಟರ್ ಎಳೆದು ಒಂದೊಂದರ ಬೆಳಕನ್ನೂ ಅಡ್ಡಪಟ್ಟಿಯಾಗಿ ಕತ್ತರಿಸಿದ: ಪಾದಕ್ಕೊಂದು, ಮೊಣಕಾಲಿಗೊಂದು, ಸೊಂಟಕ್ಕೊಂದು, ಎದೆಗೊಂದು. ದೃಶ್ಯ ಸಾಗಿದಂತೆ ಕೆಳಗಿನ ದೀಪದಿಂದ ಶುರುಮಾಡಿ ಡಿಮ್ಮರಿನಲ್ಲಿ ನಿಧಾನವಾಗಿ ಇಳಿಸುತ್ತ ಬರುವುದು. ಮೊದಲು ಪಾದಗಳು ಕಾಣದಾಗುತ್ತವೆ. ಆಮೇಲೆ ಮೊಣಕಾಲು. ನಟರು ಹೆಂಚು ದಾಟಿಸುತ್ತಲೇ ಇರುತ್ತಾರೆ. ಇಡೀ ದೃಶ್ಯಕ್ಕೆ ಉಳಿದದ್ದು ಸರ್ವೆಯವನ ಒಂದೇ ಮಾತು: "1819 ಅಡಿ." ಜಲಾಶಯ ಭರ್ತಿಯಾದಾಗ ಸಮುದ್ರಮಟ್ಟದಿಂದ ನೀರು ನಿಲ್ಲುವ ಎತ್ತರ ಅದು.

ಮೊದಲ ಪ್ರದರ್ಶನ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ. ಬೆಳಿಗ್ಗೆ ಹೆಂಚಿನ ಬುಟ್ಟಿ ಇಳಿಸಿ, ದೀಪ ಕಟ್ಟಿ, ಬೆಳಕು ಬದಲಾಗುವ ಕ್ಯೂ ಒಂದೊಂದಾಗಿ ನೋಡುವ ಹೊತ್ತಿಗೆ ಮಧ್ಯಾಹ್ನದ ಊಟದ ಪೊಟ್ಟಣಗಳು ತಣ್ಣಗಾಗಿದ್ದವು. ಬರೆದವನಿಗೆ ಆ ದಿನ ಕೆಲಸವೇ ಇರುವುದಿಲ್ಲ. ಗ್ರೀನ್ ರೂಮಿನಲ್ಲಿ ಅಜ್ಜಿ ಪಾತ್ರದ ನಟಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಬರಿಗೈಯಲ್ಲೇ ಹೆಂಚು ದಾಟಿಸುವ ಅಭ್ಯಾಸ ಮಾಡುತ್ತಿದ್ದರು. ಅವರು ನಮ್ಮಜ್ಜಿಯನ್ನು ಕಂಡವರಲ್ಲ, ನಮ್ಮೂರ ಕಡೆಯವರೂ ಅಲ್ಲ. ಆದರೂ ಆ ಕೈಗಳಲ್ಲಿ ನಮ್ಮ ಮನೆ ಇತ್ತು. ನನಗೆ ತಡೆಯಲಾಗಲಿಲ್ಲ, ಹೊರಗೆ ಹೋಗಿ ಕೂತೆ. ಮೂರನೇ ಬೆಲ್ಲಿಗೆ ಒಳಗೆ ಬಂದು ಹಿಂದಿನ ಸಾಲಿನಲ್ಲಿ ನಿಂತೇ ನೋಡಿದೆ. ಸೊಂಟದ ದೀಪ ಆರಿದಾಗ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾಟಕ ಗೆದ್ದಿತು ಅಂತ ಗೆಳೆಯರು ತಬ್ಬಿಕೊಂಡರು, ನಾನೂ ಅತ್ತೆ.

ಆದರೆ ನಾಟಕ ಮುಗಿದ ರೂಪಕ್ಕೆ ಬಂದದ್ದು ಅಲ್ಲಲ್ಲ, ಹಿನ್ನೀರಿನ ಆಚೆ ದಡದಲ್ಲಿ. ಆಗಿನ್ನೂ ಸಿಗಂದೂರಿನ ಸೇತುವೆ ಆಗಿರಲಿಲ್ಲ; ಅದು ಜನರಿಗೆ ತೆರೆದದ್ದು 2025ರಲ್ಲಿ. ಅಂಬಾರಗೋಡ್ಲಿನಲ್ಲಿ ನಮ್ಮ ವ್ಯಾನು ಲಾಂಚು ಹತ್ತಿತು. ಹೆಂಚುಗಳೆಲ್ಲ ಆ ನೀರಿನ ಮೇಲೆಯೇ ದಾಟಿ ಕಳಸವಳ್ಳಿಗೆ ಬಂದವು. ಆ ಕಡೆಯ ಒಂದು ಶಾಲೆಯ ಅಂಗಳದಲ್ಲಿ ಪ್ರದರ್ಶನ. ಸಾಗರ ಸೀಮೆಯ ಜನಕ್ಕೆ ನಾಟಕ ಹೊಸದಲ್ಲ. ಹೆಗ್ಗೋಡಿನ ನೀನಾಸಂ ಶುರುವಾದದ್ದು 1949ರಲ್ಲಿ, ಅದರ ತಿರುಗಾಟದ ನಾಟಕಗಳು ಊರೂರು ಸುತ್ತತೊಡಗಿದ್ದು 1985ರಿಂದ. ಒಳ್ಳೆಯದು ಕೆಟ್ಟದ್ದು ನೋಡಿದ ಕಣ್ಣುಗಳು ಅವು. ಅದಕ್ಕೇ ನನಗೆ ಕಲಾಸೌಧಕ್ಕಿಂತ ಅಲ್ಲಿಯ ಭಯವೇ ಹೆಚ್ಚು.

ಆಟ ಮುಗಿದು ದೀಪ ಬಿಚ್ಚುತ್ತಿದ್ದಾಗ ವಯಸ್ಸಾದವರೊಬ್ಬರು ನೇರ ರಂಗಕ್ಕೇ ಹತ್ತಿ ಬಂದರು. ಹೊಗಳಲಿಲ್ಲ. ಒಂದು ಹೆಂಚು ಎತ್ತಿ ತಿರುಗಿಸಿ ನೋಡಿ, "ಎಲ್ಲಾ ಸರಿ ಇದ್ದು ತಮಾ. ಆದ್ರೆ ಹೀಂಗೆ ಸುಮ್ಮನೆ ಯಾರೂ ದಾಟಿಸ್ತಿರಲಿಲ್ಲ. ಹೆಂಚು ಅಂದ್ರೆ ದುಡ್ಡು. ಎಣಿಸ್ತಿದ್ರು," ಅಂದರು. ಆಮೇಲೆ ಅಜ್ಜಿ ಪಾತ್ರದ ನಟಿಯ ಕೈಗೆ ಹೆಂಚು ಕೊಡುತ್ತ ತಾವೇ ಎಣಿಸಿ ತೋರಿಸಿದರು: "ಲಾಭ, ಎರಡು, ಮೂರು…" ಬತ್ತ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುವ ಆ ರೂಢಿಯಲ್ಲೇ. ಇಪ್ಪತ್ತಕ್ಕೆ ಒಂದು ಗೆರೆ ಎಳೆದು ಮತ್ತೆ ಮೊದಲಿನಿಂದ. ಮಾಡಿನ ನೆತ್ತಿಯ ಹೆಂಚನ್ನೇ ಮೊದಲು ತೆಗೆಯಬೇಕು, ಅಂಚಿನಿಂದ ಬಿಚ್ಚಿದರೆ ಬರುವುದಿಲ್ಲ ಎಂದೂ ಹೇಳಿ, ಏಣಿ ಎಲ್ಲಿಡಬೇಕೆಂದು ಕೈ ತೋರಿಸಿದರು.

ನಮ್ಮ ಹಾರ್ಮೋನಿಯಂ ಹುಡುಗ ಆ ದೃಶ್ಯಕ್ಕೆಂದೇ ಒಂದು ರಾಗ ಕಟ್ಟಿದ್ದ, ಬಹಳ ಚೆನ್ನಾಗಿತ್ತು. ವಾಪಸು ಬರುವಾಗ ಲಾಂಚಿನಲ್ಲೇ ಅವನು ನಿರ್ದೇಶಕಿಯ ಹತ್ತಿರ ಹೋಗಿ, "ಅಕ್ಕಾ, ಅಲ್ಲಿ ನಂದು ಬೇಡ. ಎಣಿಕೆ ಸಾಕು," ಅಂದ. ಈಗ ಹಾಗೇ ಆಡುತ್ತಿದ್ದೇವೆ. ಏಣಿಯನ್ನೂ ನಡುವಿಗೆ ತಂದಿದ್ದೇವೆ.