ಆ ಒಂದು ಸಾಲು ನಾನು ಓದಲಿಲ್ಲ

ಮರದ ದಿಮ್ಮಿ ಹೊತ್ತ ಹಡಗು. ಬೆಳಗಿನ ಶಿಫ್ಟ್. ಹೋಲ್ಡಿನ, ಅಂದರೆ ಸರಕು ತುಂಬುವ ಒಡಲಿನ, ಮುಚ್ಚಳ ಹ್ಯಾಚ್. ಅದನ್ನು ತೆರೆದು ಒಂದು ಗಂಟೆಯಾಗಿತ್ತು. ಸರಕು ಇಳಿಸುವ ಗ್ಯಾಂಗ್ ಸುಮ್ನೆ ಕೂತಿದೆ ಅಂತ ಆಫೀಸಿನಿಂದ ಎರಡು ಸಲ ಫೋನ್ ಬಂತು. ನಾನು ಹಿಂದಿನ ಹಡಗಿನ ರಿಸ್ಕ್ ಶೀಟ್ (ಕೆಲಸಕ್ಕೆ ಮುಂಚೆ ಅಪಾಯಗಳನ್ನು ಬರೆಯುವ ಹಾಳೆ) ತೆಗೆದು ಹಡಗಿನ ಹೆಸರು, ತಾರೀಖು ಬದಲಾಯಿಸಿ ಸಹಿ ಹಾಕಿದೆ. ಹಿಂದಿನ ಹಡಗಿನಲ್ಲಿ ಬಂದಿದ್ದು ಗಾಳಿಯಂತ್ರದ ರೆಕ್ಕೆಗಳು. ಆಮ್ಲಜನಕದ ಸಾಲಿನಲ್ಲಿ 'ಅನ್ವಯಿಸುವುದಿಲ್ಲ' ಅಂತಿತ್ತು. ಅದು ಹಾಗೇ ಉಳಿಯಿತು.

ದಿಮ್ಮಿಗಳು ದಾರಿಯುದ್ದಕ್ಕೂ ಹೋಲ್ಡಿನ ಆಮ್ಲಜನಕ ಹೀರುತ್ತವೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹ್ಯಾಚ್ ತೆರೆದಿದೆ, ಗಾಳಿ ಆಡಿರುತ್ತೆ ಅಂದುಕೊಂಡೆ. ಏಣಿ ಇಳಿಯುವ ಇಕ್ಕಟ್ಟು ಜಾಗಕ್ಕೆ ಆ ಗಾಳಿ ಹೋಗಲ್ಲ ಅನ್ನೋದು ತಲೆಗೆ ಬರಲೇ ಇಲ್ಲ. ಆಮ್ಲಜನಕ ಅಳೆಯುವ ಮೀಟರ್ ಇನ್ನೊಂದು ಹ್ಯಾಚ್‌ನಲ್ಲಿತ್ತು.

ಮೊದಲು ಇಳಿದವನು ಇಪ್ಪತ್ತಮೂರರ ಹುಡುಗ. ಮೊದಲ ಮೆಟ್ಟಿಲುಕಟ್ಟೆ ತಲುಪಿ ನಿಂತ. 'ಅಣ್ಣಾ, ಕಾಲು ಬರ್ತಿಲ್ಲ' ಅಂದ. ದನಿ ತೊದಲುತ್ತಿತ್ತು. ಒಂದು ಕೈ ಕಂಬಿ ಹಿಡಿದಿತ್ತು, ಇನ್ನೊಂದು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ನಾನು ಏಣಿಗೆ ಕಾಲಿಟ್ಟೇಬಿಟ್ಟೆ. ಮೇಸ್ತ್ರಿ ಹಿಂದಿನಿಂದ ಶರಟು ಹಿಡಿದು ಎಳೆದರು. 'ನೀವೂ ಬಿದ್ರೆ ಇಬ್ಬರನ್ನು ಎತ್ತೋದು ಯಾರು ಮಾರಾಯ್ರೆ?'

ಹಡಗಿನವರು ಸಿಲಿಂಡರ್, ಮುಖವಾಡ ತರುವವರೆಗೆ ನಾಲ್ಕು ನಿಮಿಷ. ಅಷ್ಟು ಹೊತ್ತೂ ನಾನು ಮೊಣಕಾಲೂರಿ ಆ ಹುಡುಗನ ಹೆಸರು ಕೂಗುತ್ತಿದ್ದೆ. ಮೊದಮೊದಲು ಹ್ಞೂಂ ಅನ್ನುತ್ತಿದ್ದ. ಆಮೇಲೆ ಅದೂ ನಿಂತಿತು. ಕಂಬಿ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲವಾಗೋದು ಕಾಣುತ್ತಿತ್ತು. ಬೆಲ್ಟ್ ಹಾಕಿ ಎತ್ತಿದಾಗ ತುಟಿ ನೀಲಿಯಾಗಿತ್ತು. ಡೆಕ್ ಮೇಲೆ ಆಮ್ಲಜನಕ ಕೊಟ್ಟ ಮೇಲೆ ಕಣ್ಣು ಬಿಟ್ಟ.

ಆಮೇಲೆ ಮೀಟರ್‌ಗೆ ಹಗ್ಗ ಕಟ್ಟಿ ಇಳಿಸಿದೆವು. ಆಮ್ಲಜನಕ ಹೊರಗೆ ಶೇಕಡಾ 20.9. ಅವನು ನಿಂತಿದ್ದ ಕಡೆ 9. ತಳದಲ್ಲಿ 6. ಇನ್ನೊಂದು ಏಣಿ ಇಳಿದಿದ್ದರೆ ಅವನು ಉಳಿಯುತ್ತಿರಲಿಲ್ಲ.

ವಿಚಾರಣೆಯಲ್ಲಿ ಶೀಟ್‌ನಲ್ಲಿ ಸಹಿ ಇದೆಯಾ ಅಂತ ಕೇಳಿದರು. ಇತ್ತು. ಅದರಲ್ಲಿ ಏನು ಬರೆದಿದೆ ಅಂತ ಯಾರೂ ಕೇಳಲಿಲ್ಲ. ನಾನೇ ಆ ಸಾಲು ತೋರಿಸಿದೆ.

ಈಗ ಶೀಟ್ ತುಂಬೋದು ಹ್ಯಾಚ್ ಪಕ್ಕ ನಿಂತು, ಖಾಲಿ ಹಾಳೆಯಲ್ಲಿ. ಇಳಿಯುವವರಿಗೆ ಮೀಟರ್ ನಂಬರ್ ತೋರಿಸುತ್ತೇನೆ. ಆ ಹುಡುಗ ತಾನೇ ಬಗ್ಗಿ ಎರಡು ಸಲ ನೋಡುತ್ತಾನೆ. ನಾಲ್ಕು ಹ್ಯಾಚ್‌ಗೆ ಇನ್ನೂ ಒಂದೇ ಮೀಟರ್. ಪ್ರತಿ ಮೀಟಿಂಗ್‌ನಲ್ಲೂ ಕೇಳುತ್ತಿದ್ದೇನೆ. ಇನ್ನೊಂದು ಬರುವವರೆಗೆ, ಅಳತೆ ಆಗದ ಹ್ಯಾಚ್‌ನ ಗ್ಯಾಂಗ್ ಡೆಕ್ ಮೇಲೇ ಕೂತಿರುತ್ತದೆ. ಫೋನ್ ಬಂದರೆ ನಾನು ಉತ್ತರ ಕೊಡುತ್ತೇನೆ.